ಉಪ್ಪುನೀರು ಹಚ್ಚಿದರೆ ಮುಖ ತೊಗಲಾಗುತ್ತಾ?

2024ರ ಫೆಬ್ರವರಿ 17ರಂದು ರಿಯಾದ್‌ನಲ್ಲಿ ಬಾಕ್ಸರ್‌ಗಳಾದ ಟೈಸನ್ ಫ್ಯೂರಿ ಮತ್ತು ಒಲೆಕ್ಸಾಂಡರ್ ಉಸಿಕ್ ಎದುರುಬದುರಾಗಬೇಕಿತ್ತು. ಹೆವಿವೇಟ್‌ನ ನಾಲ್ಕೂ ದೊಡ್ಡ ಬೆಲ್ಟುಗಳು ಒಬ್ಬನ ಪಾಲಾಗುವ ಪಂದ್ಯ. ಇನ್ನೇನು ಎರಡು ವಾರ ಇದೆ ಅನ್ನುವಾಗ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಗುದ್ದಾಟದಲ್ಲಿ, ಫ್ಯೂರಿಯ ಬಲಗಣ್ಣಿನ ಮೇಲೆ ಚರ್ಮ ಸೀಳಿತು. 11 ಹೊಲಿಗೆ ಬಿದ್ದವು. ಪಂದ್ಯ ಮೇ 18ಕ್ಕೆ ಹೋಯಿತು.

ಟಿಕೆಟ್, ಟಿವಿ, ಹೋಟೆಲ್, ತಿಂಗಳುಗಟ್ಟಲೆ ತಯಾರಿ, ಎಲ್ಲವನ್ನೂ ಹುಬ್ಬಿನ ಪಕ್ಕದ ಒಂದು ಸೀಳು ನಿಲ್ಲಿಸಿಬಿಟ್ಟಿತು. ಇಂಥದ್ದು ಆದಾಗಲೆಲ್ಲ ಜಿಮ್‌ಗಳಲ್ಲಿ ಹಳೇ ಪ್ರಶ್ನೆ ಏಳುತ್ತದೆ. ಹೊಟ್ಟೆಯನ್ನು ಗಟ್ಟಿ ಮಾಡಬಹುದು, ಕತ್ತನ್ನು ಗಟ್ಟಿ ಮಾಡಬಹುದು, ಮುಖದ ಚರ್ಮವನ್ನು ಯಾಕೆ ಆಗಲ್ಲ? ಒಬ್ಬ ಉಪ್ಪುನೀರು ಅನ್ನುತ್ತಾನೆ. ಇನ್ನೊಬ್ಬ ವಿನೆಗರ್ ಅನ್ನುತ್ತಾನೆ. ಮತ್ತೊಬ್ಬ ಪಟಿಕ ತಿಕ್ಕು ಅನ್ನುತ್ತಾನೆ. ಮೂತ್ರ ಹಚ್ಚು ಅನ್ನುವವರೂ ಇದ್ದಾರೆ, ಅದೂ ತೀರಾ ಗಂಭೀರವಾಗಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಗಲ್ಲ. ಆದರೆ ಯಾಕೆ ಆಗಲ್ಲ ಅನ್ನುವುದರಲ್ಲೇ ಸೀಳು ತಪ್ಪಿಸುವ ದಾರಿಯೂ ಇದೆ. ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ.

ಡೆಂಪ್ಸಿಯ ಉಪ್ಪುನೀರು

ಈ ಮದ್ದಿಗೆ ದೊಡ್ಡ ಹೆಸರು ತಂದುಕೊಟ್ಟವನು ಜಾಕ್ ಡೆಂಪ್ಸಿ. 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್. ಮಾಂಸ ನೆನೆಹಾಕುವ ಉಪ್ಪುನೀರನ್ನು ಮುಖಕ್ಕೂ ಕೈಗೂ ಹಚ್ಚಿಕೊಳ್ಳುತ್ತಿದ್ದ. ದವಡೆ ಗಟ್ಟಿಯಾಗಲಿ ಅಂತ ಪೈನ್ ಮರದ ಅಂಟು ಅಗಿಯುತ್ತಿದ್ದ. ಅವನ ಮುಖ ಅಷ್ಟು ಸುಲಭಕ್ಕೆ ಸೀಳುತ್ತಿರಲಿಲ್ಲ ಅನ್ನುವುದೂ ನಿಜ. ಹಾಗಾಗಿ ಎರಡನ್ನೂ ಜೋಡಿಸಿ ನೋಡುವುದು ಸುಲಭ. ಚಾಂಪಿಯನ್ ಮಾಡಿದ್ದನ್ನೆಲ್ಲ ಗೆಲುವಿನ ಗುಟ್ಟು ಅಂದುಕೊಳ್ಳುವ ಚಟ ನಮಗೆ ಮೊದಲಿನಿಂದ ಇದೆ ಅಲ್ವಾ?

ಡೆಂಪ್ಸಿ ಇದನ್ನು ತಾನೇ ಕಂಡುಹಿಡಿದವನೇನಲ್ಲ. ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಹೊಡೆದಾಡುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು. ಗ್ಲೌಸ್ ಕಡ್ಡಾಯ ಮಾಡಿದ ಕ್ವೀನ್ಸ್‌ಬರಿ ನಿಯಮಗಳು ಬಂದದ್ದು 1867ರಲ್ಲಿ. ಆದರೂ ಬರಿಗೈ ಹೆವಿವೇಟ್ ಪಟ್ಟದ ಕೊನೆಯ ಪಂದ್ಯ ನಡೆದದ್ದು 1889ರ ಜುಲೈ 8ರಂದು. ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಮಿಸಿಸಿಪ್ಪಿಯ ಬಿಸಿಲಲ್ಲಿ 75 ರೌಂಡ್ ಬಡಿದಾಡಿದರು. ಅಂಥ ಆಟದಲ್ಲಿ ಮೊದಲು ಕಿತ್ತುಹೋಗುತ್ತಿದ್ದದ್ದು ಗೆಣ್ಣಿನ ಚರ್ಮ. ಅದನ್ನು ಕಾಪಾಡಿಕೊಳ್ಳಲು ಕೈ ನೆನೆಸುತ್ತಿದ್ದರು. ಕೈಗೆ ಹಚ್ಚಿದ್ದನ್ನು ಮುಖಕ್ಕೂ ಹಚ್ಚಿದರು.

ಇಲ್ಲೇ ಮೊದಲ ಎಡವಟ್ಟು. ಕೈಗೂ ಮುಖಕ್ಕೂ ಅಜಗಜಾಂತರ ವ್ಯತ್ಯಾಸ ಇದೆ. ಅಂಗೈ, ಅಂಗಾಲಿನ ಮೇಲ್ಪದರ ಒಂದೂವರೆ ಮಿಲಿಮೀಟರ್‌ವರೆಗೂ ದಪ್ಪ ಇರಬಹುದು. ದಿನಾ ಉಜ್ಜಿದರೆ ಇನ್ನೂ ದಪ್ಪವಾಗಿ ಜಡ್ಡುಗಟ್ಟುತ್ತದೆ. ಮುಖದ ಮೇಲ್ಪದರ ಸುಮಾರು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಹೆಚ್ಚುಕಡಿಮೆ ಒಂದು ಹಾಳೆ ಕಾಗದದಷ್ಟು. ರೆಪ್ಪೆಯ ಮೇಲಂತೂ ಅದಕ್ಕಿಂತ ತೆಳು. ಅಲ್ಲಿ ಉಜ್ಜುತ್ತಾ ಕೂತರೆ ಜಡ್ಡುಗಟ್ಟುವ ಮೊದಲೇ ಕೆಂಪಾಗುತ್ತದೆ, ಸುಲಿಯುತ್ತದೆ, ತುರಿಸುತ್ತದೆ.

ಅದಿರಲಿ, ಜಡ್ಡು ಬಂದರೂ ಏನು ಉಪಯೋಗ? ಜಡ್ಡು ತಡೆಯುವುದು ತಿಕ್ಕಾಟವನ್ನು. ಗುದ್ದಲಿ ಹಿಡಿದ ಕೈಗೆ, ಹಗ್ಗ ಎಳೆದ ಕೈಗೆ ಅದು ಬೇಕು. ಹುಬ್ಬು ಸೀಳುವುದು ತಿಕ್ಕಾಟದಿಂದ ಮಾತ್ರ ಅಲ್ಲ.

ತೊಗಲು ಹದ ಮಾಡುವವನಿಗೆ ಗೊತ್ತಿರುವ ವಿಷಯ

ಉಪ್ಪುನೀರಿನ ಹಿಂದಿರುವ ತರ್ಕ ಇಷ್ಟೇ. ಹಸಿ ಚರ್ಮವನ್ನು ಉಪ್ಪು, ತೊಗಟೆ ರಸ ಅಂತ ನೆನೆಸಿ ಚಪ್ಪಲಿ ಹೊಲಿಯುವಷ್ಟು ಗಟ್ಟಿ ಮಾಡುತ್ತಾರಲ್ಲ, ನಮ್ಮ ಮುಖವನ್ನೂ ಹಾಗೇ ಸ್ವಲ್ಪ ಮಾಡಿಕೊಂಡರೆ ಏನಂತೆ? ಕೇಳುವುದಕ್ಕೆ ಸರಿಯಾಗೇ ಇದೆ. ಆದರೆ ಹದ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಪೂರಾ ಉಲ್ಟಾ.

ಹಸಿ ಚರ್ಮ ಬಂದ ಕೂಡಲೇ ಅದಕ್ಕೆ ಉಪ್ಪು ಬಡಿಯುತ್ತಾರೆ. ಅದು ಹದಕ್ಕೆ ಅಲ್ಲ, ಕೊಳೆಯದೆ ಇರಲಿ ಅಂತ. ಉಪ್ಪು ನೀರನ್ನು ಎಳೆದುಕೊಂಡು ಒಣಗಿಸುತ್ತದೆ, ಅಷ್ಟೇ ಅದರ ಕೆಲಸ. ಆಮೇಲೆ ಆ ಉಪ್ಪನ್ನು ತೊಳೆದು ತೆಗೆಯುತ್ತಾರೆ. ನಂತರ ಸುಣ್ಣದ ನೀರಿನಲ್ಲಿ ಹಾಕುತ್ತಾರೆ. ಕೂದಲು ಸಡಿಲವಾಗುತ್ತದೆ, ಅದರ ಜೊತೆಗೆ ಚರ್ಮದ ಮೇಲ್ಪದರವೂ ಬಿಟ್ಟುಕೊಳ್ಳುತ್ತದೆ. ಎರಡನ್ನೂ ಹೆರೆದು ಬಿಸಾಡುತ್ತಾರೆ. ಉಳಿದ ಒಳಪದರಕ್ಕೆ ತೊಗಟೆಯ ಒಗರು ರಸವನ್ನೋ ಕ್ರೋಮಿಯಂ ಲವಣವನ್ನೋ ಕುಡಿಸುತ್ತಾರೆ. ಅಲ್ಲಿರುವ ಕೊಲಾಜೆನ್ ಅನ್ನುವ ನಾರುಗಳನ್ನು ಅದು ಒಂದಕ್ಕೊಂದು ಬೆಸೆಯುತ್ತದೆ. ಆಗ ಅದು ತೊಗಲು.

ಈಗ ಮುಖಕ್ಕೆ ಬನ್ನಿ. ನಾವು ಹಚ್ಚುವ ಉಪ್ಪುನೀರು, ವಿನೆಗರ್, ಚಹಾ ಡಿಕಾಕ್ಷನ್ ಎಲ್ಲ ತಾಗುವುದು ಯಾವುದಕ್ಕೆ? ಹದ ಮಾಡುವವನು ಹೆರೆದು ಬಿಸಾಡುವ ಆ ಮೇಲ್ಪದರಕ್ಕೆ! ಅದರ ಕೆಲಸವೇ ಹೊರಗಿನದನ್ನು ಒಳಗೆ ಬಿಡದಿರುವುದು. ಅದರ ಹೊರಭಾಗ ಸತ್ತ ಕೋಶಗಳ ಗೋಡೆ. ಸುಮಾರು ನಾಲ್ಕು ವಾರಕ್ಕೆ ಒಂದು ಸಲ ಇಡೀ ಪದರವೇ ಉದುರಿ ಹೊಸದು ಬರುತ್ತದೆ. ಅಂದರೆ ನೀವು ಕಷ್ಟಪಟ್ಟು ಏನೇ ಹಚ್ಚಿ ಗಟ್ಟಿ ಮಾಡಿದರೂ ಅದು ಮುಂದಿನ ತಿಂಗಳು ಟವೆಲ್‌ನಲ್ಲಿ ಹೋಗಿರುತ್ತದೆ.

ಹಾಗಾದರೆ ಏನೂ ಆಗಲ್ವಾ? ಆಗುತ್ತದೆ, ಬೇಡದ್ದು ಆಗುತ್ತದೆ. ಉಪ್ಪು ನೀರಿನಂಶ ಎಳೆದುಕೊಳ್ಳುತ್ತದೆ, ಚರ್ಮ ಬಿಗಿಯುತ್ತದೆ. ಕನ್ನಡಿ ಮುಂದೆ ನಿಂತು ಮುಟ್ಟಿ ನೋಡಿದರೆ ಗಟ್ಟಿಯಾದ ಹಾಗೆ ಅನ್ನಿಸುತ್ತದೆ. ನಂಬಿಕೆ ಹುಟ್ಟುವುದೇ ಆ ಬಿಗಿತದಿಂದ. ಆದರೆ ಬಿಗಿತ ಬೇರೆ, ಗಟ್ಟಿತನ ಬೇರೆ. ಹಸಿ ಎಲೆಯನ್ನು ಮಡಚಿದರೆ ಮಡಚಿಕೊಳ್ಳುತ್ತದೆ, ಒಣಗಿದ ಎಲೆ ಮುರಿಯುತ್ತದೆ. ಮೇಲ್ಪದರದ ನೀರಿನಂಶ ಕಡಿಮೆಯಾದಷ್ಟೂ ಅದು ಪೆಡಸಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ.

ಮೂತ್ರದ ಕಥೆ ಇನ್ನೂ ತಮಾಷೆ. ಅದರಲ್ಲಿ ಯೂರಿಯಾ ಇದೆ, ಹಾಗಾಗಿ ಚರ್ಮ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಯೂರಿಯಾವನ್ನು ಡಾಕ್ಟರ್‌ಗಳು ಕ್ರೀಮ್‌ಗಳಲ್ಲಿ ಬಳಸುವುದು ಒರಟು ಚರ್ಮವನ್ನು ಮೆತ್ತಗೆ ಮಾಡಲು, ಒಡೆದ ಹಿಮ್ಮಡಿ ಸರಿಮಾಡಲು. ಗಟ್ಟಿ ಮಾಡಲು ಹೋಗಿ ಮೆತ್ತಗೆ ಮಾಡುವ ಮದ್ದು ಹಚ್ಚಿದ ಹಾಗಾಯಿತು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲ.

ಬಿಸಿಲಿಗೆ ಮುಖ ಒಡ್ಡಿ ಕಪ್ಪಾದರೆ ಗಟ್ಟಿಯಾಗುತ್ತದೆ ಅನ್ನುವವರಿಗೂ ಒಂದು ಮಾತು. ಬಿಸಿಲಿಗೆ ಮೇಲ್ಪದರ ಕೊಂಚ ದಪ್ಪವಾಗುವುದು ನಿಜ. ಆದರೆ ಅದೇ ಬಿಸಿಲು ಒಳಗಿನ ಕೊಲಾಜೆನ್ ನಾರುಗಳನ್ನು ವರ್ಷಗಟ್ಟಲೆ ಕಡಿಯುತ್ತಾ ಬರುತ್ತದೆ. ಸಿಗರೇಟು ಕೂಡ ಅದನ್ನೇ ಮಾಡುತ್ತದೆ.

ಸೀಳುವುದು ಒಳಗಿನಿಂದ

ಒಂದು ಕೆಲಸ ಮಾಡಿ. ತೋರುಬೆರಳನ್ನು ಹುಬ್ಬಿನ ಮೇಲಿಟ್ಟು ಮೆಲ್ಲಗೆ ಒತ್ತಿ, ಹಾಗೇ ಕಣ್ಣಿನ ಕಡೆಗೆ ಜಾರಿಸಿ. ಒಂದು ಅಂಚು ಸಿಗುತ್ತದೆ, ಥೇಟ್ ಮೇಜಿನ ಅಂಚಿನ ಹಾಗೆ. ಈಗ ಬೆರಳನ್ನು ಕೆನ್ನೆಗೆ ತನ್ನಿ. ಒತ್ತಿದರೆ ಒಳಗೆ ಹೋಗುತ್ತದೆ, ಮಾಂಸ ಇದೆ, ಕೊಬ್ಬು ಇದೆ. ಹುಬ್ಬಿನ ಹತ್ತಿರ ಆ ಮೆತ್ತೆ ಕಡಿಮೆ. ಚರ್ಮದ ಕೆಳಗೆ ತೆಳ್ಳನೆ ಮಾಂಸ, ಅದರ ಕೆಳಗೆ ನೇರ ಮೂಳೆ.

ಕಲ್ಲಿನ ಅಂಚಿನ ಮೇಲೆ ಒದ್ದೆ ಬಟ್ಟೆ ಹರಡಿ ಮರದ ಕೊಡತಿಯಿಂದ ಹೊಡೆದರೆ ಬಟ್ಟೆ ಹರಿಯುವುದು ಎಲ್ಲಿ? ಕೊಡತಿ ತಾಗಿದ ಕಡೆಯಲ್ಲೆಲ್ಲ ಅಲ್ಲ, ಕಲ್ಲಿನ ಅಂಚು ಇರುವ ಕಡೆ. ಬಾಕ್ಸಿಂಗ್‌ನಲ್ಲಿ ಆಗುವುದೂ ಅದೇ. ಗ್ಲೌಸ್ ಮೆತ್ತಗೇ ಇರುತ್ತದೆ, ಅದಕ್ಕೆ ಯಾವ ಹರಿತವೂ ಇಲ್ಲ. ಅದು ಚರ್ಮವನ್ನು ಮೂಳೆಯ ಅಂಚಿಗೆ ಒತ್ತುತ್ತದೆ. ಚರ್ಮ ಎರಡರ ನಡುವೆ ಸಿಕ್ಕಿ ಒಳಗಿನಿಂದ ಬಿರಿಯುತ್ತದೆ. ಹಾಗಾಗಿಯೇ ಈ ಗಾಯಗಳ ಅಂಚು ಬ್ಲೇಡಿನಿಂದ ಕೊಯ್ದ ಹಾಗೆ ನೇರವಾಗಿರದೆ ಹರಿದ ಹಾಗೆ ಇರುತ್ತದೆ.

ಇಷ್ಟು ಒಪ್ಪಿಕೊಂಡರೆ ಉಪ್ಪುನೀರಿನ ಚರ್ಚೆ ಅಲ್ಲಿಗೇ ಮುಗಿಯಿತು. ಕತ್ತಿ ಕೆಳಗಿನಿಂದ ಬರುತ್ತಿದೆ, ನಾವು ಮೇಲೆ ಗುರಾಣಿ ಹಿಡಿಯುತ್ತಿದ್ದೇವೆ.

ಕೆಲವರ ಹುಬ್ಬಿನ ಮೂಳೆ ಹುಟ್ಟಿನಿಂದಲೇ ಮುಂದೆ ಚಾಚಿರುತ್ತದೆ. ಅಂಥವರು ಎಷ್ಟೇ ಗಟ್ಟಿಗರಾಗಿರಲಿ, ಬೇಗ ಸೀಳುತ್ತಾರೆ. ಇಂಗ್ಲೆಂಡಿನ ಹೆನ್ರಿ ಕೂಪರ್ ಇದಕ್ಕೆ ಒಳ್ಳೆಯ ಉದಾಹರಣೆ. 1963ರ ಜೂನ್ 18ರಂದು ವೆಂಬ್ಲಿಯಲ್ಲಿ, ಆಗಿನ್ನೂ ಕ್ಯಾಸಿಯಸ್ ಕ್ಲೇ ಆಗಿದ್ದ ಮುಹಮ್ಮದ್ ಅಲಿಯನ್ನು ನಾಲ್ಕನೇ ರೌಂಡಿನ ಕೊನೆಯಲ್ಲಿ ಎಡಗೈ ಹುಕ್‌ನಿಂದ ನೆಲಕ್ಕೆ ಕೆಡವಿದ. ಐದನೇ ರೌಂಡಿನಲ್ಲಿ ಕಣ್ಣಿನ ಮೇಲಿನ ಸೀಳಿನಿಂದ ರಕ್ತ ಸುರಿದು ಪಂದ್ಯ ನಿಂತಿತು. 1966ರ ಮೇ 21ರಂದು ಹೈಬರಿಯಲ್ಲಿ ಮತ್ತೆ ಅಲಿ, ಮತ್ತೆ ಸೀಳು, ಆರನೇ ರೌಂಡಿನಲ್ಲಿ ಸೋಲು. ಕೂಪರ್‌ಗೆ ಧೈರ್ಯ ಕಡಿಮೆ ಇರಲಿಲ್ಲ, ಹೊಡೆತ ಕಡಿಮೆ ಇರಲಿಲ್ಲ. ಮುಖದ ಮೂಳೆ ಹಾಗಿತ್ತು.

ಗ್ಲೌಸ್ ಅಷ್ಟೇ ಅಲ್ಲ, ಎದುರಾಳಿಯ ತಲೆಯೂ ಇದೆ. ನೋಡುವವರಿಗೆ ಪಂಚ್ ಅನ್ನಿಸಿದ ಎಷ್ಟೋ ಸೀಳುಗಳು ತಲೆ ತಾಗಿ ಆದವು. ಬಲಗೈ ಬಾಕ್ಸರ್ ಎದುರು ಎಡಗೈ ಬಾಕ್ಸರ್ ನಿಂತರೆ ಇಬ್ಬರ ಮುಂಗಾಲೂ ಒಂದೇ ಗೆರೆಯಲ್ಲಿ ಬರುತ್ತವೆ. ಒಬ್ಬ ನುಗ್ಗಿದರೆ ಸಾಕು, ಹಣೆಗೆ ಹಣೆ ಢೀ. ಮೂಳೆಗೆ ಮೂಳೆ ಹೊಡೆದರೆ ನಡುವಿನ ಚರ್ಮ ಏನು ಮಾಡೀತು?

ಹಳೇ ಗಾಯ, ಹೊಸ ಗಾಯ

ಮೂಳೆ ದೇವರು ಕೊಟ್ಟದ್ದು ಅಂತ ಬಿಟ್ಟುಬಿಡೋಣ. ಎರಡನೇ ಕಾರಣ ನಮ್ಮ ಕೈಯಲ್ಲೇ ಇದೆ. ಅದು ಹಳೇ ಕಲೆ.

ಸೀಳಿದ ಚರ್ಮ ಕೂಡಿಕೊಂಡ ಜಾಗದಲ್ಲಿ ಮೊದಲಿನ ನೇಯ್ಗೆ ವಾಪಸ್ ಬರುವುದಿಲ್ಲ. ಒಳ್ಳೆಯ ಚರ್ಮದಲ್ಲಿ ನಾರುಗಳು ಬುಟ್ಟಿ ಹೆಣೆದ ಹಾಗೆ ಅಡ್ಡಡ್ಡ ಉದ್ದುದ್ದ ಇರುತ್ತವೆ, ಯಾವ ಕಡೆ ಎಳೆದರೂ ಹಿಗ್ಗುತ್ತವೆ. ಕಲೆಯಲ್ಲಿ ಅವು ಒಂದೇ ಕಡೆಗೆ ಸಾಲಾಗಿ ಮಲಗಿರುತ್ತವೆ. ಮುಟ್ಟಿದರೆ ಗಟ್ಟಿ, ಎಳೆದರೆ ಬಗ್ಗದು. ಒಂದು ವಾರದ ಗಾಯಕ್ಕೆ ಮೊದಲಿನ ಬಲದ ನೂರಕ್ಕೆ ಐದರಷ್ಟೂ ಕಷ್ಟ. ಮೂರು ವಾರಕ್ಕೆ ಇಪ್ಪತ್ತು, ಮೂವತ್ತರ ಆಸುಪಾಸು. ಮೂರು ತಿಂಗಳಿಗೆ ಸುಮಾರು ಎಂಬತ್ತು. ಅಲ್ಲಿಗೆ ನಿಂತಿತು, ಪೂರ್ತಿ ನೂರು ಯಾವತ್ತೂ ಆಗುವುದಿಲ್ಲ.

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಐದಾರು ದಿನಕ್ಕೆ ತೆಗೆಯುತ್ತಾರೆ. ಕಲೆ ಕಾಣದಿರಲಿ ಅಂತ ಬೇಗ ತೆಗೆಯುವುದು ಅದು, ಗಾಯ ಗಟ್ಟಿಯಾಗಿದೆ ಅಂತ ಅಲ್ಲ. ಹುಡುಗರು ಇಲ್ಲೇ ಮೋಸ ಹೋಗುತ್ತಾರೆ. ಹೊಲಿಗೆ ಬಿಚ್ಚಿದರು, ಹಕ್ಕಳೆ ಉದುರಿತು, ಕನ್ನಡಿಯಲ್ಲಿ ತೆಳು ಗೆರೆ ಕಾಣುತ್ತಿದೆ, ಆಯಿತು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಎಡ ಹುಬ್ಬಿನಲ್ಲಿ ಒಂದು ಗೆರೆ ಇದೆ. ಮೂರನೇ ವಾರಕ್ಕೆ ಗ್ಲೌಸ್ ಕಟ್ಟಿಕೊಂಡು ಹೋದೆ. ಹೊಡೆದವನು ಹೊಡೆದೆ ಅಂತಲೂ ಅಂದುಕೊಂಡಿರಲಿಲ್ಲ, ಅಷ್ಟು ಹಗುರದ ಜ್ಯಾಬ್. ಕಣ್ಣಿನೊಳಗೆ ಬೆವರು ಇಳಿಯಿತು ಅಂತ ಗ್ಲೌಸ್‌ನಿಂದ ಒರೆಸಿಕೊಂಡೆ. ಗ್ಲೌಸ್ ಕೆಂಪಗಿತ್ತು. ಎರಡನೇ ಸಲದ ಹೊಲಿಗೆ ಮೊದಲಿನದಕ್ಕಿಂತ ಜಾಸ್ತಿ ಬಿತ್ತು.

ಹೊಲಿಯುವ ರೀತಿಯೂ ಮುಖ್ಯ. ಆಳದ ಸೀಳನ್ನು ಒಳಪದರ ಬೇರೆ, ಮೇಲ್ಪದರ ಬೇರೆ ಅಂತ ಎರಡು ಹಂತದಲ್ಲಿ ಹೊಲಿಯಬೇಕು. ಸುಮ್ನೆ ಮೇಲಿಂದ ನಾಲ್ಕು ಹಾಕಿ ಕಳಿಸಿದರೆ ಒಳಗೆ ಟೊಳ್ಳು ಉಳಿಯುತ್ತದೆ, ಅಲ್ಲಿ ರಕ್ತ ಕಟ್ಟುತ್ತದೆ, ಕೊನೆಗೆ ದಪ್ಪನೆ ಉಬ್ಬಿದ ಕಲೆಯಾಗುತ್ತದೆ. ಮುಂದಿನ ಪಂಚ್‌ಗೆ ಆ ಉಬ್ಬೇ ಗುರಿ. ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೊಲಿಸಿಕೊಳ್ಳಿ ಅಂತ ಕೋಚ್‌ಗಳು ಹೇಳುವುದು ಅಂದಚಂದಕ್ಕೆ ಮಾತ್ರ ಅಲ್ಲ.

ಅಮೆರಿಕದ ಚಕ್ ವೆಪ್ನರ್‌ಗೆ ಅವನ ಊರಿನ ಹೆಸರಿನ ಜೊತೆ ರಕ್ತವನ್ನೂ ಸೇರಿಸಿ ಬೇಯೋನ್ ಬ್ಲೀಡರ್ ಅಂತಲೇ ಅಡ್ಡಹೆಸರು. ಇಡೀ ವೃತ್ತಿಯಲ್ಲಿ 300ಕ್ಕೂ ಹೆಚ್ಚು ಹೊಲಿಗೆ ಬಿದ್ದಿವೆ ಅನ್ನುತ್ತಾರೆ. 1975ರ ಮಾರ್ಚ್ 24ರಂದು ಅಲಿ ಎದುರು ಹದಿನೈದನೇ ರೌಂಡ್ ಮುಗಿಯಲು 19 ಸೆಕೆಂಡ್ ಇರುವವರೆಗೂ ನಿಂತ. ಇಷ್ಟು ಹೊಡೆತ ತಿಂದ ಮುಖ ಗಟ್ಟಿಯಾಗಬೇಕಿತ್ತಲ್ಲ? ಹೊಡೆತ ತಿಂದು ತಿಂದು ಚರ್ಮ ಪಳಗುತ್ತದೆ ಅನ್ನುವ ಮಾತಿಗೆ ವೆಪ್ನರ್ ಮುಖವೇ ಉತ್ತರ.

ನಿಜವಾಗಿ ಏನನ್ನಾದರೂ ಬದಲಾಯಿಸಬೇಕು ಅಂದರೆ ಕತ್ತರಿಯೇ ಹಿಡಿಯಬೇಕಾಗುತ್ತದೆ. ಮಿಶ್ರ ಸಮರಕಲೆಯ (ಎಂಎಂಎ) ನಿಕ್ ಡಯಾಜ್ 2007ರಲ್ಲಿ ಕೆ.ಜೆ. ನೂನ್ಸ್ ಎದುರು ಸೀಳಿನಿಂದಾಗಿ ಸೋತ ಮೇಲೆ ಆಪರೇಷನ್ ಮಾಡಿಸಿಕೊಂಡ. ಹುಬ್ಬಿನ ಮೂಳೆಯ ಅಂಚನ್ನು ಉಜ್ಜಿ ನಯ ಮಾಡಿದರು, ಹಳೇ ಕಲೆಗಳನ್ನು ತೆಗೆದರು. ಎಲ್ಲರೂ ಹೀಗೆ ಮಾಡಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಆದರೆ ಸರ್ಜನ್ ಕೈ ಹಾಕಿದ್ದು ಎಲ್ಲಿಗೆ ನೋಡಿ. ಮೂಳೆಗೆ, ಕಲೆಗೆ. ಮೇಲ್ಪದರದ ತಂಟೆಗೆ ಹೋಗಲಿಲ್ಲ.

ಈಗ ಯಾಕೆ ಈ ಮಾತು ಜಾಸ್ತಿ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಅಮೆಚೂರ್ ಬಾಕ್ಸರ್‌ಗಳು ಹೆಡ್‌ಗಾರ್ಡ್ ಹಾಕುತ್ತಿದ್ದರು. 2013ರಲ್ಲಿ ಹಿರಿಯರ ಪುರುಷ ವಿಭಾಗಕ್ಕೆ ಅದನ್ನು ತೆಗೆದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿತಲೆಯಲ್ಲಿ ಆಡಿದರು, ಹೆಂಗಸರಿಗೆ ಹೆಡ್‌ಗಾರ್ಡ್ ಉಳಿಯಿತು. ಹೆಡ್‌ಗಾರ್ಡ್ ಇಲ್ಲದಿದ್ದರೆ ಮಿದುಳಿಗೆ ಆಗುವ ಪೆಟ್ಟು ಕಡಿಮೆ ಅನ್ನುವುದು ತೆಗೆದವರ ವಾದ. ಆ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಸೀಳುಗಳು ಹೆಚ್ಚಾದವು ಅನ್ನುವುದರಲ್ಲಿ ಜಗಳವೇ ಇಲ್ಲ. ಹುಬ್ಬಿನ ಮೇಲೆ ಮೆತ್ತೆ ಇತ್ತು, ಈಗ ಇಲ್ಲ. ಅಷ್ಟೇ ಲೆಕ್ಕ.

ವೃತ್ತಿಪರ ಬಾಕ್ಸರ್‌ಗೆ ಸೀಳಾದರೆ ಮುಂದಿನ ಪಂದ್ಯಕ್ಕೆ ತಿಂಗಳುಗಟ್ಟಲೆ ಸಮಯ ಇರುತ್ತದೆ. ಒಲಿಂಪಿಕ್ಸ್‌ನಲ್ಲಿ ಎರಡು ಮೂರು ದಿನಕ್ಕೆ ಮತ್ತೆ ರಿಂಗ್ ಹತ್ತಬೇಕು. ಟೋಕಿಯೊದಲ್ಲಿ ಸತೀಶ್ ಕುಮಾರ್‌ಗೆ ಆದದ್ದು ಇದೇ. 2021ರ ಜುಲೈ 29ರಂದು ಜಮೈಕಾದ ರಿಕಾರ್ಡೊ ಬ್ರೌನ್ ಎದುರು ಗೆದ್ದರು, ಆದರೆ ಹಣೆ, ಗದ್ದ ಎರಡೂ ಸೀಳಿದ್ದವು. 13 ಹೊಲಿಗೆ. ಆಗಸ್ಟ್ 1ಕ್ಕೆ ಎದುರಾಳಿ ಉಜ್ಬೇಕಿಸ್ತಾನದ ಬಖೋದಿರ್ ಜಲೋಲೊವ್, ಆಗಿನ ವಿಶ್ವ ಚಾಂಪಿಯನ್. ಆ ಹೊಲಿಗೆ ಇಟ್ಟುಕೊಂಡೇ ಸತೀಶ್ ಮೂರು ರೌಂಡ್ ಆಡಿದರು, ಸೋತರು. ಮೂರು ದಿನದ ಗಾಯಕ್ಕೆ ಚರ್ಮದ್ದು ಅಂತ ಯಾವ ಬಲವೂ ಇರುವುದಿಲ್ಲ. ಅಲ್ಲಿ ಹಿಡಿದಿಟ್ಟಿದ್ದು ದಾರ ಮಾತ್ರ. ಅವರ ಧೈರ್ಯಕ್ಕೆ ಚಪ್ಪಾಳೆ ಹೊಡೆದದ್ದು ಸರಿ. ಅವರನ್ನು ಆ ಸ್ಥಿತಿಗೆ ತಂದ ವೇಳಾಪಟ್ಟಿಯ ಬಗ್ಗೆ ಯಾರೂ ಅಷ್ಟು ಮಾತಾಡಲಿಲ್ಲ.

ಇನ್ನೊಂದು ಕಡೆ ಬರಿಗೈ ಬಾಕ್ಸಿಂಗ್ ವಾಪಸ್ ಬಂದಿದೆ. 2018ರ ಜೂನ್ 2ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಶಯೆನ್ನ್‌ನಲ್ಲಿ ಅಧಿಕೃತ ಅನುಮತಿ ಪಡೆದು ಅದು ಶುರುವಾಯಿತು. ಗೆಣ್ಣಿನ ಮೂಳೆ ನೇರ ಹುಬ್ಬಿನ ಮೂಳೆಗೆ. ಅಲ್ಲಿ ಮುಖ ಸೀಳದ ರಾತ್ರಿಯೇ ಅಪರೂಪ. 1889ರ ಆಟ ಬಂದ ಮೇಲೆ 1889ರ ಮದ್ದುಗಳೂ ಹಿಂದೆಯೇ ಬರುತ್ತವೆ.

ಸೀಳಿಗೆ ಇಷ್ಟು ಬೆಲೆ ಬರಲು ನಿಯಮಗಳೂ ಕಾರಣ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಹೀಗಿದೆ: ಸೀಳು ಪಂಚ್‌ನಿಂದ ಆಗಿ ಪಂದ್ಯ ನಿಂತರೆ ಸೀಳಿಸಿಕೊಂಡವನು ಸೋತ. ಎದುರಾಳಿಯ ತಲೆ ಅಕಸ್ಮಾತ್ ತಾಗಿ ಆಗಿದ್ದರೆ, ನಾಲ್ಕು ರೌಂಡ್ ಮುಗಿಯುವ ಮೊದಲು ನಿಂತರೆ ಪಂದ್ಯವೇ ಲೆಕ್ಕಕ್ಕಿಲ್ಲ, ಆಮೇಲೆ ನಿಂತರೆ ಅಲ್ಲಿವರೆಗಿನ ಅಂಕ ನೋಡಿ ತೀರ್ಪು. 2003ರ ಜೂನ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಎದುರು ವಿಟಾಲಿ ಕ್ಲಿಚ್ಕೊ ಆರು ರೌಂಡಿಗೆ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ 58–56ರಿಂದ ಮುಂದಿದ್ದ. ಎಡಗಣ್ಣಿನ ಮೇಲೆ ಭಯಂಕರ ಸೀಳು. ಡಾಕ್ಟರ್ ನಿಲ್ಲಿಸಿದರು. ಸೀಳು ಪಂಚ್‌ನಿಂದ ಆದದ್ದು, ಹಾಗಾಗಿ ಮುಂದಿದ್ದವನು ಸೋತ. ಇಂಥದ್ದನ್ನು ಕಂಡವರು ಯಾವ ಬಾಟಲಿ ಕೊಟ್ಟರೂ ಮುಖಕ್ಕೆ ಸುರಿದುಕೊಳ್ಳುತ್ತಾರೆ, ಅವರನ್ನು ಬೈದು ಪ್ರಯೋಜನ ಇಲ್ಲ.

ಒಂದು ನಿಮಿಷದ ಕೆಲಸ

ರಿಂಗ್‌ನ ಮೂಲೆಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಕಿವಿಯ ಹಿಂದೆ ಹತ್ತಿ ಸುತ್ತಿದ ಕಡ್ಡಿಗಳು, ಮುಂಗೈ ಮೇಲೆ ಒಂದು ಮುದ್ದೆ ವ್ಯಾಸಲೀನ್. ಅವನೇ ಕಟ್‌ಮ್ಯಾನ್. ಗಂಟೆ ಹೊಡೆದ ಮೇಲೆ 60 ಸೆಕೆಂಡ್. ಬಾಕ್ಸರ್ ಬಂದು ಕೂರುವುದಕ್ಕೆ, ಎದ್ದು ಹೋಗುವುದಕ್ಕೆ ಕಳೆದು ಉಳಿಯುವುದು ನಲವತ್ತು ಚಿಲ್ಲರೆ.

ಮೊದಲು ಒಣ ಬಟ್ಟೆಯಿಂದ ರಕ್ತ ಒತ್ತಿ ತೆಗೆಯುತ್ತಾನೆ, ಸೀಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಕಾಣಬೇಕು. ಆಮೇಲೆ ಸಾವಿರಕ್ಕೆ ಒಂದರಂತೆ ಬೆರೆಸಿದ ಅಡ್ರಿನಾಲಿನ್‌ನಲ್ಲಿ ಅದ್ದಿದ ಕಡ್ಡಿಯನ್ನು ಸೀಳಿನ ಒಳಕ್ಕೇ ಇಟ್ಟು ಒತ್ತುತ್ತಾನೆ. ಅಡ್ರಿನಾಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದರೆ ನಿಜವಾದ ಕೆಲಸ ಒತ್ತುವಿಕೆಯದ್ದು. ಅಲುಗಾಡಿಸದೆ, ಮಧ್ಯೆ ಎತ್ತಿ ನೋಡದೆ, ಒಂದೇ ಸಮ ಒತ್ತಬೇಕು. ಎತ್ತಿದರೆ ಕಟ್ಟಿದ್ದ ರಕ್ತ ಕಿತ್ತುಕೊಂಡು ಬರುತ್ತದೆ, ಮೊದಲಿನಿಂದ ಶುರು. ಕೊನೆಯಲ್ಲಿ ಮೇಲೊಂದು ಪದರ ವ್ಯಾಸಲೀನ್. ಹಳೇ ಕಾಲದಲ್ಲಿ ಮಾನ್ಸೆಲ್ ದ್ರಾವಣ ಅಂತ ಕಬ್ಬಿಣದ ಒಂದು ಲವಣ ಹಾಕಿ ಗಾಯವನ್ನು ಸುಟ್ಟ ಹಾಗೆ ಮಾಡುತ್ತಿದ್ದರು. ಕಣ್ಣಿಗೆ ಇಳಿದರೆ ಅಪಾಯ ಅಂತ ಹೆಚ್ಚಿನ ಕಡೆ ಅದಕ್ಕೆ ನಿಷೇಧ ಇದೆ.

1954ರ ಸೆಪ್ಟೆಂಬರ್ 17ರಂದು ಎಝರ್ಡ್ ಚಾರ್ಲ್ಸ್ ಎದುರು ಆರನೇ ರೌಂಡಿನಲ್ಲಿ ರಾಕಿ ಮಾರ್ಸಿಯಾನೊನ ಮೂಗಿನ ಹೊಳ್ಳೆ ಸೀಳಿ ಎರಡಾಗಿತ್ತು. ಇನ್ನು ಹೆಚ್ಚು ಹೊತ್ತು ಬಿಡುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಫ್ರೆಡ್ಡಿ ಬ್ರೌನ್ ಅನ್ನುವ ಕಟ್‌ಮ್ಯಾನ್ ಹೇಗೋ ಎರಡು ರೌಂಡ್ ಗಳಿಸಿಕೊಟ್ಟ. ಎಂಟನೇ ರೌಂಡಿನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿದ.

ವ್ಯಾಸಲೀನ್ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ವೃತ್ತಿಪರ ಪಂದ್ಯ ಶುರುವಾಗುವ ಮೊದಲು ಹುಬ್ಬು, ಕೆನ್ನೆಮೂಳೆ, ಮೂಗಿಗೆ ಅದನ್ನು ತೆಳ್ಳಗೆ ಸವರುತ್ತಾರೆ. ಗ್ಲೌಸ್ ಚರ್ಮವನ್ನು ಹಿಡಿದು ಎಳೆಯದೆ ಜಾರಿಹೋಗಲಿ ಅಂತ. ಜಾಸ್ತಿ ಬಳಿದರೆ ರೆಫರಿ ಒರೆಸಿಸುತ್ತಾರೆ. ಅಂದರೆ ಸೀಳು ತಡೆಯಲು ರಿಂಗ್‌ನಲ್ಲಿ ಎಲ್ಲರ ಒಪ್ಪಿಗೆ ಇರುವ ಪದಾರ್ಥ ಚರ್ಮವನ್ನು ಒಣಗಿಸುವಂಥದ್ದಲ್ಲ, ಮೆತ್ತಗೂ ಜಾರುವಂತೆಯೂ ಇಡುವಂಥದ್ದು. ನೂರಾರು ವರ್ಷದ ಅನುಭವ ಬಂದು ನಿಂತದ್ದು ಉಪ್ಪುನೀರಿನ ಎದುರು ದಡಕ್ಕೆ.

ಹಾಗಾದರೆ ಏನು ಮಾಡಬೇಕು

ಚರ್ಮಕ್ಕೆ ಮಾಡಬೇಕಾದ್ದು ಕಡಿಮೆ, ಅದೂ ಸಪ್ಪೆ ಕೆಲಸ. ಸ್ನಾನ ಆದ ಮೇಲೆ ಮುಖ ಇನ್ನೂ ಹಸಿ ಇರುವಾಗಲೇ ಯಾವುದಾದರೂ ಸಾದಾ ಮಾಯಿಶ್ಚರೈಸರ್ ಹಚ್ಚಿ. ಬಿಸಿಲಲ್ಲಿ ಓಡುವವರು ಸನ್‌ಸ್ಕ್ರೀನ್ ಹಚ್ಚಿ. ಪಂದ್ಯದ ದಿನ ಬೆಳಗ್ಗೆ ಶೇವ್ ಮಾಡಬೇಡಿ, ಬ್ಲೇಡ್ ಮೇಲ್ಪದರವನ್ನು ಹೆರೆದಿರುತ್ತದೆ. ತೂಕ ಇಳಿಸಲು ನೀರು ಬಿಟ್ಟು ಒಣಗಿದವರು ಆಮೇಲೆ ಸರಿಯಾಗಿ ಕುಡಿದು ಸುಧಾರಿಸಿಕೊಳ್ಳಿ. ವಿಟಮಿನ್ ಸಿ ತೀರಾ ಕಡಿಮೆಯಾದರೆ ಕೊಲಾಜೆನ್ ಸರಿಯಾಗಿ ಕಟ್ಟುವುದಿಲ್ಲ. ಆದರೆ ಸರಿಯಾಗಿ ಊಟ ಮಾಡುವವನು ಮೇಲಿಂದ ಮಾತ್ರೆ ನುಂಗಿದರೆ ಚರ್ಮ ಡಬಲ್ ಗಟ್ಟಿಯಾಗುತ್ತದೆ ಅಂತೇನೂ ಇಲ್ಲ.

ಔಷಧಿಗಳ ಕಡೆ ಹೆಚ್ಚು ಗಮನ ಬೇಕು. ಡಾಕ್ಟರ್ ಹೇಳದೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಕ್ರೀಮ್ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯ್ನ್ ಮಾತ್ರೆ ಚರ್ಮವನ್ನು ಸೂಕ್ಷ್ಮ ಮಾಡುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ತಗೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ. ಮೈಕೈ ನೋವಿಗೆ ಅಂತ ಪಂದ್ಯದ ಹಿಂದಿನ ದಿನ ನುಂಗಿದ ಮಾತ್ರೆ ಮರುದಿನ ಕಣ್ಣೊಳಗೆ ಹರಿಯುತ್ತದೆ. ಇವುಗಳಲ್ಲಿ ಯಾವುದನ್ನೇ ತಗೊಳ್ಳುತ್ತಿದ್ದರೂ ಡಾಕ್ಟರ್‌ಗೆ ತಾನು ಬಾಕ್ಸರ್ ಅಂತ ಹೇಳುವುದು ವಾಸಿ.

ಉಳಿದದ್ದೆಲ್ಲ ತಲೆಯ ಕೆಲಸ. ಗದ್ದ ಕೆಳಗಿಟ್ಟರೆ ಪಂಚ್ ಹಣೆಯ ಮೇಲ್ಭಾಗಕ್ಕೆ ಬೀಳುತ್ತದೆ, ಅಲ್ಲಿ ಮೂಳೆ ಅಗಲ, ಅಂಚಿಲ್ಲ. ಹತ್ತಿರ ಹೋದಾಗ ತಲೆಯನ್ನು ಯಾವ ಭುಜದ ಕಡೆ ಇಡಬೇಕು ಅಂತ ರೂಢಿ ಮಾಡಿಕೊಂಡರೆ ಹಣೆಗೆ ಹಣೆ ತಾಗುವುದು ಎಷ್ಟೋ ಕಡಿಮೆ. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್, ಜರುಗದ ಹಾಗೆ ಕೂರುವ ಹೆಡ್‌ಗಾರ್ಡ್. ಹಳೇ ಗ್ಲೌಸ್‌ನ ಹೊಲಿಗೆ ಎದ್ದಿದೆಯಾ, ಲೇಸ್ ತುದಿ ಹೊರಗಿದೆಯಾ ಅಂತ ಎದುರಿನವನ ಕೈಯನ್ನೂ ನೋಡಿಕೊಳ್ಳಿ. ನೋಡುವುದಕ್ಕೆ ಸಂಕೋಚ ಬೇಡ.

ಸೀಳಿದರೆ ಕಾಯಬೇಕು. ಇದೇ ಎಲ್ಲಕ್ಕಿಂತ ಕಷ್ಟ. ಮೂರು ತಿಂಗಳು ಮುಖಕ್ಕೆ ಹೊಡೆತ ಬೀಳುವ ಸ್ಪಾರಿಂಗ್ ಬೇಡ ಅಂದರೆ ಯಾವ ಹುಡುಗನೂ ಖುಷಿಯಿಂದ ಒಪ್ಪುವುದಿಲ್ಲ. ಬ್ಯಾಗ್ ಹೊಡೆಯಬಹುದು, ಪ್ಯಾಡ್ ಹೊಡೆಯಬಹುದು, ಓಡಬಹುದು. ಮುಖ ಮಾತ್ರ ರಜೆಯಲ್ಲಿರಬೇಕು.

ಫ್ಯೂರಿಯ ಬಲಗಣ್ಣಿಗೇ ವಾಪಸ್ ಬರೋಣ. 2019ರ ಸೆಪ್ಟೆಂಬರ್ 14ರಂದು ಲಾಸ್ ವೇಗಸ್‌ನಲ್ಲಿ ಒಟ್ಟೊ ವಾಲಿನ್ ಎದುರು ಮೂರನೇ ರೌಂಡಿನಲ್ಲಿ ಅದು ಸೀಳಿತ್ತು. ಉಳಿದ ಒಂಬತ್ತು ರೌಂಡ್ ಕಟ್‌ಮ್ಯಾನ್ ಹೋರ್ಹೆ ಕ್ಯಾಪೆಟಿಲೊ ಹೇಗೋ ಹಿಡಿದಿಟ್ಟ, ಫ್ಯೂರಿ ಅಂಕಗಳಿಂದ ಗೆದ್ದ, ಆಮೇಲೆ 47 ಹೊಲಿಗೆ ಬಿದ್ದವು. ಮುಂದೆ ರಿಂಗ್ ಹತ್ತಿದ್ದು 2020ರ ಫೆಬ್ರವರಿ 22ಕ್ಕೆ, ಐದು ತಿಂಗಳ ಮೇಲೆ. ಎದುರಿಗೆ ಡಿಯಾಂಟೆ ವೈಲ್ಡರ್, ಆ ಕಾಲದ ಅತಿ ಭಾರದ ಬಲಗೈ. ಏಳು ರೌಂಡ್ ಆ ಹುಬ್ಬು ತೆರೆಯಲಿಲ್ಲ, ವೈಲ್ಡರ್ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು.